ನೀರಿನ ಮೇಲೊಂದು ಗಿರಕಿ

ಘಾಟ್ಕೋಪರ್

"ಬರ್ಫ ಮುಟ್ಟಿದ್ರೇನ್ರೀ ಬಾಯಾರ?"

ಸ್ವಿಟ್ಜರ್ಲೆಂಡಿನಿಂದ ಬಂದ ಮೇಲೆ ಮುಂಬೈಯ ನಮ್ಮ ಚಾಳಿನಲ್ಲಿ ಈ ಪ್ರಶ್ನೆ ಕೇಳದವರಿಲ್ಲ. ಇಲ್ಲ, ಮುಟ್ಟಲಿಲ್ಲ. ಹಿಮದ ಮೇಲೆ ಆಡುವ ಆಟವೊಂದರ ಸಲುವಾಗಿಯೇ ಅಷ್ಟು ದೂರ ಹೋಗಿ, ಅಲ್ಲಿ ಒಂದು ಬೇಸಿಗೆಯನ್ನು ಕಳೆದು, ಹಿಮವನ್ನು ದೂರದ ಬೆಟ್ಟದ ನೆತ್ತಿಯಲ್ಲಿ ಮಾತ್ರ ನೋಡಿ ಬಂದೆ. ಯಾರೋ ಒಣಗಲು ಹಾಕಿ ಮರೆತ ಬಿಳಿ ಪಂಚೆಯಂತೆ ಅದು ದಿನವೂ ಅಲ್ಲೇ ಇರುತ್ತಿತ್ತು. ನಮಗೆ ಹತ್ತಿರ ಹೋಗಲು ಪುರಸೊತ್ತಾಗಲಿಲ್ಲ. ನಮ್ಮದು ನೀರಿನ ಕೆಲಸ.

ನಾನು ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವಳು, ಈಚೆಗೆ ನಿವೃತ್ತಳಾದೆ. ಮೂಲ ವಿಜಯಪುರದ ಕಡೆ. ಮದುವೆಯಾಗಿ ನಾನು ಮುಂಬೈಗೆ ಬಂದೆ, ಗಾರೆ ಕೆಲಸ ಹುಡುಕಿಕೊಂಡು ನನ್ನ ಹಿಂದೆ ತಮ್ಮ ಬಸವರಾಜ ಬಂದ. ಅವನ ಒಬ್ಬಳೇ ಮಗಳು ಶ್ರಾವಣಿ. ಹುಟ್ಟಿದ್ದು ಬೆಳೆದದ್ದು ಎಲ್ಲ ಘಾಟ್ಕೋಪರಿನಲ್ಲೇ. ಅವಳು ಕನ್ನಡದಲ್ಲಿ ಶುರು ಮಾಡಿದ ಮಾತು ನಡುದಾರಿಯಲ್ಲಿ ಹಿಂದಿಗೆ ಗಾಡಿ ಬದಲಿಸುತ್ತದೆ. ಆದರೆ ಮೈ ಮಾತ್ರ ಬಾಗಿಸಿದಂತೆ ಬಾಗುತ್ತದೆ. ಅವಳ ಮೊದಲ ಲಾಗವನ್ನು ನಮ್ಮ ಶಾಲೆಯ ಅಂಗಳದಲ್ಲಿ, ಗೋಣಿತಟ್ಟಿನ ಮೇಲೆ ನಾನೇ ಹಾಕಿಸಿದ್ದು. ಆಮೇಲೆ ದಾದರಿನ ಒಂದು ವ್ಯಾಯಾಮಶಾಲೆಗೆ ಸೇರಿದಳು. ಅಲ್ಲಿ ಟ್ರ್ಯಾಂಪೊಲಿನ್ ಎಂಬ ಪುಟಿಯುವ ಹಾಸಿನ ಮೇಲೆ ಜಿಗಿದು ಜಿಗಿದು ಛಾವಣಿಯ ಫ್ಯಾನಿಗೆ ಹೆದರಿಕೆ ಹುಟ್ಟಿಸುವಷ್ಟು ಎತ್ತರಕ್ಕೆ ಹೋಗತೊಡಗಿದಳು.

ಅವಳ ಜಿಗಿತದ ವಿಡಿಯೊ ಹೇಗೋ ರೆಗುಲಾ ಎಂಬಾಕೆಯ ಕಣ್ಣಿಗೆ ಬಿತ್ತು. ರೆಗುಲಾ ಸ್ವಿಟ್ಜರ್ಲೆಂಡಿನಲ್ಲಿ ಏರಿಯಲ್ ಸ್ಕೀಯಿಂಗ್ ಕಲಿಸುವವಳು. ಈ ಆಟದಲ್ಲಿ ಕಾಲಿಗೆ ಉದ್ದನೆಯ ಸ್ಕೀ ಹಲಗೆ ಕಟ್ಟಿಕೊಂಡು ಇಳಿಜಾರಿನಲ್ಲಿ ರಭಸದಿಂದ ಇಳಿದು, ಕೊನೆಯಲ್ಲಿ ಮೇಲಕ್ಕೆ ಬಾಗಿರುವ ದಿಬ್ಬದಿಂದ ಆಕಾಶಕ್ಕೆ ಹಾರಬೇಕು. ಹಾರಿ ಲಾಗ ಹಾಕಬೇಕು. ಲಾಗದ ನಡುವೆಯೇ ಬುಗುರಿಯಂತೆ ತನ್ನ ಸುತ್ತ ತಾನು ಗಿರಕಿಯನ್ನೂ ಹೊಡೆದು, ಮತ್ತೆ ಕಾಲ ಮೇಲೆ ಇಳಿಯಬೇಕು. ಲಾಗ, ಗಿರಕಿ ಎರಡೂ ಒಟ್ಟಿಗೆ! ಸ್ಕೀ ಬಲ್ಲವರಿಗೆ ಲಾಗ ಕಲಿಸುವುದಕ್ಕಿಂತ ಲಾಗ ಬಲ್ಲವರಿಗೆ ಸ್ಕೀ ಕಲಿಸುವುದು ಸುಲಭ ಎಂದು ರೆಗುಲಾಳ ನಂಬಿಕೆ. ಹಾಗಾಗಿ ಹಿಮವಿಲ್ಲದ ದೇಶಗಳಿಂದ ಕೆಲವರನ್ನು ಬೇಸಿಗೆ ಶಿಬಿರಕ್ಕೆ ಕರೆದಿದ್ದಳು. ಚೆನ್ನಾಗಿ ಮಾಡಿದವರಿಗೆ ಚಳಿಗಾಲದಲ್ಲಿ ನಿಜವಾದ ಹಿಮದ ಮೇಲೆ ಅಭ್ಯಾಸ.

ಹುಡುಗಿಯ ಜೊತೆ ದೊಡ್ಡವರೊಬ್ಬರು ಹೋಗಬೇಕಿತ್ತು. ಬಸವರಾಜ ನೆಲ ನೋಡುತ್ತ ಅಂದ, "ನೀನs ಹೋಗಕ್ಕ. ನನ್ನ ಕಾಲಿಗೆ ಅಷ್ಟು ದೂರ ಆಗೂದಿಲ್ಲ." ಅವನ ಎಡಗಾಲು ಕುಂಟು. ಈಗ ಒಂದು ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಕೂತು ಕಾವಲು ಮಾಡುತ್ತಾನೆ. ನಾನು ಹೂಂ ಅಂದೆ.

ರೈಲಿನ ಬಾಗಿಲು

ವಿಮಾನದಿಂದಿಳಿದು ಹಳ್ಳಿಗೆ ಹೋಗುವ ರೈಲು ಹತ್ತಿದೆವು. ಕಿಟಕಿಯ ಹೊರಗೆ ಹಸಿರೋ ಹಸಿರು. ದನಗಳ ಕೊರಳಗಂಟೆ ಗಾಜಿನೊಳಗೂ ಕೇಳುತ್ತಿತ್ತು. ಡಬ್ಬಿಯೊಳಗೆ ಮಾತ್ರ ಯಾರೂ ಉಸಿರೆತ್ತುತ್ತಿರಲಿಲ್ಲ. ಸಾವಿನ ಮನೆಗೆ ಹೊರಟವರಂತೆ ಅಷ್ಟು ಜನ ಸುಮ್ಮನೆ ಕೂತಿದ್ದಾರಲ್ಲ ಎಂದು ನನಗೆ ಗಾಬರಿ.

ಫಲಕದಲ್ಲಿ ನಾವು ಇಳಿಯಬೇಕಾದ ಊರಿನ ಹೆಸರು ಕಂಡದ್ದೇ ತಡ, ನಾನು ಎದ್ದೆ. ಚೀಲವನ್ನು ಎದೆಗೆ ಒತ್ತಿಕೊಂಡೆ, ಸೆರಗು ಬಿಗಿದೆ, ಮೊಣಕೈ ಅಗಲಿಸಿ ಬಾಗಿಲಿಗೆ ಹೋಗಿ ನಿಂತೆ. ಇಷ್ಟು ವರ್ಷ ಮುಂಬೈಯ ಲೋಕಲ್ ರೈಲಿನಲ್ಲಿ ಓಡಾಡಿದ ಮೈ ಅದು. ಸ್ಟೇಷನ್ ಬರುವ ಮುಂಚೆ ಬಾಗಿಲಲ್ಲಿ ಇರದಿದ್ದರೆ ಇಳಿಯುವ ಆಸೆ ಬಿಡಬೇಕು. ಇಲ್ಲಿ ನನ್ನ ಮುಂದೆ ಯಾರೂ ಇರಲಿಲ್ಲ, ಹಿಂದೆಯೂ ಇರಲಿಲ್ಲ. ಆದರೂ ನಾನು "ಉತರ್‌ನಾ ಹೈ, ಉತರ್‌ನಾ ಹೈ" ಎನ್ನುತ್ತಿದ್ದೆನಂತೆ. ನನಗೆ ಅದರ ಅರಿವೂ ಇಲ್ಲ.

"ಅತ್ತಿ, ಕೂಡು ನಾ ಪ್ಲೀಸ್," ಶ್ರಾವಣಿ ಕೆಂಪಗಾಗಿ ನನ್ನ ಸೆರಗು ಜಗ್ಗಿದಳು. "ಇಲ್ಲಿ ಕೋಯಿ ಧಕ್ಕಾ ನಹೀ ದೇತಾ. ಎಲ್ಲಾರೂ ನೋಡಾಕತ್ತಾರ."

ಎದುರಿಗಿದ್ದ ಮುದುಕರೊಬ್ಬರು ತಾವೂ ಎದ್ದರು. ನನಗೇನೋ ತೊಂದರೆ ಎಂದುಕೊಂಡಿದ್ದರು ಪಾಪ. ರೈಲು ನಿಂತು, ಬಾಗಿಲು ತೆರೆದು, ನಾನು ಇಳಿದು, ನನ್ನ ಪೆಟ್ಟಿಗೆಗಳೂ ಇಳಿದು, ಆಮೇಲೂ ಅದು ಹೊರಡದೆ ನಿಂತೇ ಇತ್ತು. ಆ ಮುದುಕರು ಒಳಗಿನಿಂದ ಕೈ ಬೀಸಿದರು. ನಾನೂ ಬೀಸಿದೆ. ಶ್ರಾವಣಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಇಳಿಜಾರು

ನಾವು ಇಳಿದುಕೊಂಡದ್ದು ರೆಗುಲಾಳ ತಾಯಿ ಎಲ್ಸ್‌ಬೆತ್ ಅಜ್ಜಿಯ ಮನೆಯಲ್ಲಿ. ಅಜ್ಜಿಗೆ ಇಂಗ್ಲಿಷ್ ಬಾರದು, ನನಗೆ ಅವರ ಭಾಷೆ ಬಾರದು. ಆದರೂ ಮೊದಲ ಸಂಜೆಯೇ ಸೊಂಟನೋವಿನ ಬಗ್ಗೆ ಇಬ್ಬರೂ ಕೈಸನ್ನೆಯಲ್ಲೇ ಬೇಕಾದಷ್ಟು ಮಾತಾಡಿದೆವು. ಆ ಹಳ್ಳಿಯಲ್ಲಿ ಎದುರಿಗೆ ಸಿಕ್ಕವರೆಲ್ಲ ನಮಸ್ಕಾರ ಹೇಳುತ್ತಾರೆ. ಮೊದಲ ದಿನ, ಇವರಿಗೆಲ್ಲ ನನ್ನ ಗುರುತು ಹೇಗೆ ಸಿಕ್ಕಿತು ಎಂದು ಬೆರಗಾಗಿದ್ದೆ. ನಮ್ಮಲ್ಲಿ ಗುರುತಿಲ್ಲದವರು ನಗುತ್ತ ಮಾತಾಡಿಸಿದರೆ ಮೊದಲು ಪರ್ಸು ಮುಟ್ಟಿ ನೋಡಿಕೊಳ್ಳುವುದಲ್ಲವೆ?

ಅಭ್ಯಾಸದ ಜಾಗ ಮನೆಯಿಂದ ಕಾಲ್ನಡಿಗೆಯ ದೂರದಲ್ಲಿತ್ತು. ಗುಡ್ಡದ ಪಕ್ಕಕ್ಕೆ ಕಟ್ಟಿದ ಇಳಿಜಾರು, ಅದರ ಮೇಲೆ ಬ್ರಷ್ಷಿನ ಕೂದಲಿನಂಥ ಪ್ಲಾಸ್ಟಿಕ್ ಹಾಸು. ಹಲಗೆಗಳು ಜಾರಲೆಂದು ಹಾಸಿಗೆ ಸದಾ ನೀರು ಚಿಮುಕಿಸುತ್ತಾರೆ. ಕೆಳಗೆ ಸಣ್ಣವು ದೊಡ್ಡವು ದಿಬ್ಬಗಳು, ದಿಬ್ಬಗಳಾಚೆ ಆಳವಾದ ಕೊಳ. ಹಾರಿದವರು ಬೀಳುವುದು ಅದರೊಳಗೆ. ಬೀಳುವ ಹೊತ್ತಿಗೆ ಸರಿಯಾಗಿ ಕೊಳದ ತಳದಿಂದ ಗಾಳಿ ಬಿಡುತ್ತಾರೆ. ಆಗ ನೀರು ಅನ್ನದ ಎಸರಿನಂತೆ ನೊರೆನೊರೆಯಾಗಿ ಉಕ್ಕಿ ಮೆತ್ತಗಾಗುತ್ತದೆ. ಇಷ್ಟೆಲ್ಲ ಏರ್ಪಾಡು ಮಾಡಿದ ಮೇಲೂ ಮೇಲಿನಿಂದ ನೋಡಿದಾಗ ನಾನು ಪಕ್ಕದ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

ಶ್ರಾವಣಿ ಯಾವ ಕಂಬಿಯನ್ನೂ ಹಿಡಿಯಲಿಲ್ಲ. ಮೊದಮೊದಲು ಹಲಗೆಗಳು ಒಂದಕ್ಕೊಂದು ತೊಡರಿ ಬಾತುಕೋಳಿಯಂತೆ ನಡೆದಳು. ಕೆಲವೇ ದಿನಗಳಲ್ಲಿ ಸಣ್ಣ ದಿಬ್ಬದಿಂದ ನೆಟ್ಟಗೆ ಹಾರಿದಳು. ಆಮೇಲೆ ಹಿಂದಕ್ಕೆ ಲಾಗ. ನಾನೂ ಅಜ್ಜಿಯೂ ಕೊಳದ ದಂಡೆಯ ಬೆಂಚಿನಲ್ಲಿ ಕೂತು ನೋಡುತ್ತಿದ್ದೆವು. ಅಜ್ಜಿ ಉಲ್ಲನ್ ಹೆಣೆಯುತ್ತ, ನಾನು ಕೈ ಹಿಸುಕಿಕೊಳ್ಳುತ್ತ.

ರೆಗುಲಾ ತಾನೂ ಒಂದು ಕಾಲದಲ್ಲಿ ಹಾರಿದವಳೇ. ಈಗ ಹಾರುವವರ ಮೈ ಗಾಳಿಯಲ್ಲಿ ಹೇಗೆ ತಿರುಗುತ್ತದೆಂದು ಅಳೆಯುವುದು ಅವಳ ಕೆಲಸ. ದಂಡೆಯಲ್ಲಿ ಕ್ಯಾಮರಾಗಳಿದ್ದವು. ಹುಡುಗಿಯರ ಉಡುಪಿಗೆ ಬೊಟ್ಟಿನಷ್ಟು ಸಣ್ಣ ಯಂತ್ರಗಳನ್ನು ಅಂಟಿಸುತ್ತಿದ್ದಳು. ಶ್ರಾವಣಿಗೆ ದಿನವೂ ಒಂದೇ ಮಾತು: "ಹೊರಡುವಾಗ ಭುಜ ತಿರುಗಿಸಬೇಡ. ನೆಟ್ಟಗೆ ಹೊರಡು." ಶ್ರಾವಣಿ ಹೂಂ ಅನ್ನುತ್ತಿದ್ದಳು. ಆದರೆ ಗಟ್ಟಿ ನೆಲದಿಂದ ಜಿಗಿಯುವಾಗ ಪಾದ ಒತ್ತಿ, ಭುಜ ತಿರುವಿ ಗಿರಕಿಗೆ ಹೊರಡುವುದು ಅವಳ ಮೈಗೆ ಬಾಲ್ಯದಿಂದ ಕೂತ ಅಭ್ಯಾಸ.

ಭಾನುವಾರ

ಭಾನುವಾರ ಅಭ್ಯಾಸಕ್ಕೆ ರಜೆ. ಬೆಳಗ್ಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಮುಂಬೈಯ ಮಳೆಗಾಲದಲ್ಲಿ ಬಟ್ಟೆ ಒಣಗದೆ ಸೋತ ನನಗೆ ಅಂಥ ಬಿಸಿಲು ಕಂಡರೆ ಕೈ ಸುಮ್ಮನಿರುವುದಿಲ್ಲ. ಹಿತ್ತಲಿನಲ್ಲಿ ಒಂದು ಒಳ್ಳೆಯ ಕಲ್ಲು ನೋಡಿಟ್ಟಿದ್ದೆ. ಎಲ್ಲರ ಬಟ್ಟೆ ನೆನೆಹಾಕಿ ಕುಕ್ಕತೊಡಗಿದೆ. ಆ ಸದ್ದು ಕಣಿವೆಯ ಆಚೆ ಬೆಟ್ಟಕ್ಕೆ ಹೋಗಿ, ಅಲ್ಲಿಯೂ ಯಾರೋ ಒಗೆಯುತ್ತಿದ್ದಾರೆ ಎಂಬಂತೆ ವಾಪಸು ಬರುತ್ತಿತ್ತು.

ಸ್ವಲ್ಪ ಹೊತ್ತಿಗೆ ಬೇಲಿಯಾಚೆ ಪಕ್ಕದ ಮನೆಯಾತ ಬಂದು ನಿಂತ. ನಮಸ್ಕಾರ ಹೇಳಿದ. ನಾನೂ ಹೇಳಿದೆ. ಅವನು ಆಕಾಶ ನೋಡಿದ, ನನ್ನ ಕೈಯಲ್ಲಿದ್ದ ಸೀರೆ ನೋಡಿದ, ಮತ್ತೊಮ್ಮೆ ನಮಸ್ಕಾರ ಹೇಳಿ ಹೋದ. ಎಂಥ ಸಜ್ಜನ ಎಂದುಕೊಂಡು ನಾನು ಇನ್ನಷ್ಟು ಹುರುಪಿನಿಂದ ಕುಕ್ಕಿದೆ. ಆಮೇಲೆ ರೆಗುಲಾ ಬಂದು ಹೇಳಿದಾಗಲೇ ತಿಳಿದದ್ದು: ಅಲ್ಲಿ ಭಾನುವಾರ ಯಾರೂ ಬಟ್ಟೆ ಒಗೆಯುವುದಿಲ್ಲ, ಹುಲ್ಲು ಕತ್ತರಿಸುವುದಿಲ್ಲ, ಮೊಳೆ ಹೊಡೆಯುವುದಿಲ್ಲ. ಆ ದಿನ ಊರಿಗೆ ಊರೇ ಸದ್ದು ಮಾಡದೆ ಇರಬೇಕು. ನನಗೆ ನಾಚಿಕೆಯಾಯಿತು. ಎಲ್ಸ್‌ಬೆತ್ ಅಜ್ಜಿ ಮಾತ್ರ ಬಾಲ್ದಿಯಿಂದ ಒದ್ದೆ ಸೀರೆ ಎತ್ತಿ ಒಂದು ತುದಿ ತಾವು ಹಿಡಿದು, ಇನ್ನೊಂದನ್ನು ನನಗೆ ಕೊಟ್ಟರು. ಹಿಂಡುವುದಕ್ಕೆ ಸದ್ದಾಗುವುದಿಲ್ಲವಲ್ಲ! ಆ ಐದೂವರೆ ಗಜದ ಸೀರೆಯನ್ನು ಇಬ್ಬರೂ ಮುದುಕಿಯರು ಹಿತ್ತಲಿನ ಈ ತುದಿಯಿಂದ ಆ ತುದಿಗೆ ಹಿಡಿದು ಹಿಂಡಿದೆವು.

ಬಿದ್ದದ್ದು

ಅದಾದ ವಾರ ಶ್ರಾವಣಿಗೆ ದೊಡ್ಡ ದಿಬ್ಬದಿಂದ ಹಾರಲು ಒಪ್ಪಿಗೆ ಸಿಕ್ಕಿತು. ಹಿಂದಕ್ಕೆ ಒಂದು ಲಾಗ, ಅದರೊಳಗೆ ಒಂದು ಗಿರಕಿ.

ಇಳಿಜಾರಿನಲ್ಲಿ ಇಳಿದು ಬಂದಳು. ದಿಬ್ಬ ಬಿಡುವ ಮುನ್ನವೇ ಅವಳ ಎಡಭುಜ ತಿರುಗಿದ್ದು ನನ್ನ ಕಣ್ಣಿಗೂ ಕಂಡಿತು. ಗಾಳಿಗೆ ಹೋದಳು. ಒಂದು ಗಿರಕಿ ಮುಗಿಯಿತು. ಅದು ನಿಲ್ಲಲಿಲ್ಲ. ಕಾಲಿನಲ್ಲಿ ಹಲಗೆಗಳು ಬೀಸುತ್ತ ಇನ್ನೂ ತಿರುಗುತ್ತಲೇ ಇದ್ದಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಅಗಲಿಸಿದಳು, ಮಡಿಸಿದಳು, ಮತ್ತೆ ಅಗಲಿಸಿದಳು. ಬೆನ್ನು ಅಡಿಯಾಗಿ ನೀರಿಗೆ ಬಿದ್ದ ಸದ್ದು ಒದ್ದೆ ಬಟ್ಟೆ ಕಲ್ಲಿಗೆ ಬಡಿದಂತಿತ್ತು.

ತಾನಾಗಿಯೇ ಮೇಲೆ ಬಂದಳು. ವೈದ್ಯರು ಬಂದು ನೋಡಿ, ಮೂಳೆಗೆ ಏನೂ ಆಗಿಲ್ಲ ಎಂದರು. ಬೆನ್ನ ತುಂಬ ಕೆಂಪು ಬರೆ ಎದ್ದಿತ್ತು.

ಬೆನ್ನು ಬೇಗನೆ ವಾಸಿಯಾಯಿತು. ವಾಸಿಯಾಗದೆ ಉಳಿದದ್ದು ಬೇರೆ. ಮತ್ತೆ ಹಾರಲು ಹೋದಾಗ ಅವಳ ಮೈ ಅವಳ ಮಾತು ಕೇಳಲಿಲ್ಲ. ಗಿರಕಿ ಬೇಕೆಂದಾಗ ಬರುತ್ತಿರಲಿಲ್ಲ, ಬರಿಯ ಲಾಗ ಸಾಕೆಂದಾಗ ಮೈ ತಾನೇ ತಿರುಚಿಕೊಳ್ಳುತ್ತಿತ್ತು. ಗಾಳಿಯಲ್ಲಿ ಮೇಲು ಯಾವುದು ಕೆಳಗು ಯಾವುದು ಎಂಬುದೇ ತಿಳಿಯದಾಯಿತು. ಇಂಥದ್ದು ಎಂಥೆಂಥ ದೊಡ್ಡ ಆಟಗಾರರಿಗೂ ಆಗುತ್ತದೆ, ಯಾಕೆಂದು ಪೂರ್ತಿ ಯಾರಿಗೂ ಗೊತ್ತಿಲ್ಲ ಎಂದಳು ರೆಗುಲಾ. ಕೊನೆಕೊನೆಗೆ ಶ್ರಾವಣಿ ಮೇಲೆ ಹತ್ತಿ, ಬಹಳ ಹೊತ್ತು ನಿಂತು, ಹಲಗೆಗಳನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಬಂದುಬಿಡುತ್ತಿದ್ದಳು. ಅವಳು ಬಂದಾಗಲೆಲ್ಲ ಎಲ್ಸ್‌ಬೆತ್ ಅಜ್ಜಿ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಡುತ್ತಿದ್ದರು.

ಒಂದು ಸಂಜೆ ಹಿತ್ತಲಿನ ಸೇಬಿನ ಮರದ ಕೆಳಗೆ ಕೂರಿಸಿಕೊಂಡು ಅವಳ ಬೆನ್ನಿಗೆ ಎಣ್ಣೆ ಸವರುತ್ತಿದ್ದೆ. ಅವಳ ಮುಖ ಆಚೆ ಇತ್ತು.

"ಅತ್ತಿ, ವಾಪಸ್ ಹೋಗೂಣು."

"ಬ್ಯಾನಿ ಆಗತದೇನವ್ವ?"

"ಬೆನ್ನು ಠೀಕ್ ಹೈ. ಬಿದ್ದಾಗ ಒಂದು ಆವಾಜ್ ಬಂತಲ್ಲ, ಅದು ನಂಗ ಮೊದಲs ಗೊತ್ತಿತ್ತು."

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. "ಪಪ್ಪಾ ಬಿದ್ದಾಗ ಬಂದಿದ್ದು. ಸೇಮ್ ಆವಾಜ್."

ನನ್ನ ಕೈ ನಿಂತಿತು. ಮುಲುಂಡಿನ ಕಡೆ ಕಟ್ಟುತ್ತಿದ್ದ ಒಂದು ಬಿಲ್ಡಿಂಗಿನಲ್ಲಿ ಬಸವರಾಜ ಬಿದಿರಿನ ಅಟ್ಟಣೆಯ ಮೇಲೆ ನಿಂತು ಗಾರೆ ಮಾಡುತ್ತಿದ್ದಾಗ ಕಟ್ಟಿದ ಹಗ್ಗ ಸಡಿಲಿ ಕೆಳಗೆ ಬಿದ್ದಿದ್ದ. ಬಿದ್ದದ್ದು ಮರಳಿನ ಗುಡ್ಡೆಯ ಮೇಲೆ, ಅದಕ್ಕೇ ಜೀವ ಉಳಿಯಿತು, ಕಾಲು ಕುಂಟಾಯಿತು. ಆ ಮರಳಿನಲ್ಲೇ ಆಚೆ ಬದಿಗೆ ಶ್ರಾವಣಿ ಆಡುತ್ತ ಕೂತಿದ್ದಳು. ಆಗವಳು ಇನ್ನೂ ಮಾತು ತೊದಲುವ ಕೂಸು. ಅವಳಿಗೆ ಅದರ ನೆನಪಿಲ್ಲವೆಂದೇ ನಾವೆಲ್ಲ ತಿಳಿದಿದ್ದೆವು. ಆ ಮಾತನ್ನು ಮನೆಯಲ್ಲಿ ಅವಳ ಮುಂದೆ ಯಾರೂ ಎತ್ತುತ್ತಿರಲಿಲ್ಲ.

"ನೀ ಸಣ್ಣಾಕಿ ಇದ್ದಿ. ನಿನಗ ಹ್ಯಾಂಗ ನೆನಪಿರ್ತದ?"

"ಕುಛ್ ನೆನಪಿಲ್ಲ, ಅತ್ತಿ. ಮುಖ ನೆನಪಿಲ್ಲ, ಜಾಗ ನೆನಪಿಲ್ಲ. ಸಿರ್ಫ್ ಆವಾಜ್." ನನ್ನ ಕಡೆ ತಿರುಗದೆಯೇ ಕೇಳಿದಳು, "ಈಗ ನನ್ನದೂ ಅದs ಆವಾಜ್ ಬಂತು. ಪಪ್ಪಾಗ ಇದು ಹೆಂಗ್ ಹೇಳೂದು?"

ಎಣ್ಣೆ ಕೈಯಿಂದಲೇ ಅವಳ ತಲೆ ಸವರಿದೆ. ಅವಳು ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದಳು. ಹತ್ತೊಂಬತ್ತರ ಹುಡುಗಿ, ಕಾಲು ಹುಲ್ಲಿನ ಮೇಲೆ ಎಷ್ಟೋ ದೂರ ಚಾಚಿತ್ತು.

ಅಡುಗೆಮನೆಯ ಮೇಜು

ಅವಳ ಒಪ್ಪಿಗೆ ಕೇಳಿ ರೆಗುಲಾಳಿಗೆ ವಿಷಯ ತಿಳಿಸಿದೆ. ರೆಗುಲಾ ನನ್ನ ಹರಕು ಇಂಗ್ಲಿಷನ್ನು ಕೊನೆಯವರೆಗೆ ಕೇಳಿದಳು. ಸಮಾಧಾನ ಹೇಳಲಿಲ್ಲ. ಮರುದಿನ ಮಧ್ಯಾಹ್ನ ಅಮ್ಮನ ಮನೆಗೆ ಊಟಕ್ಕೆ ಬಂದವಳು ಮೇಜಿನ ಮೇಲಿನ ತಟ್ಟೆಗಳನ್ನು ಬದಿಗೆ ಸರಿಸಿ ತನ್ನ ಲ್ಯಾಪ್‌ಟಾಪ್ ತೆರೆದಳು.

ಪರದೆಯ ಮೇಲೆ ಒಂದು ಕಡ್ಡಿಗೊಂಬೆ. ಆ ದಿನದ ಶ್ರಾವಣಿಯ ಜಿಗಿತವನ್ನೇ ಯಂತ್ರ ಗೆರೆಗಳಲ್ಲಿ ಬಿಡಿಸಿತ್ತು. ಶ್ರಾವಣಿ ಕುರ್ಚಿ ಹಿಂದಕ್ಕೆ ಸರಿಸಿದಳು. ರೆಗುಲಾ ಅವಸರ ಮಾಡಲಿಲ್ಲ, ಅವಳು ತಾನಾಗಿ ಮುಂದೆ ಬರುವತನಕ ಕಾದಳು.

"ಇಲ್ಲಿ ನೋಡು. ಹಲಗೆ ಇನ್ನೂ ದಿಬ್ಬದ ಮೇಲಿದೆ, ಭುಜ ಆಗಲೇ ತಿರುಗಿದೆ. ಈ ಗಿರಕಿಯನ್ನು ನೀನು ದಿಬ್ಬದಿಂದ ತಂದೆ. ದಿಬ್ಬ ಬಿಟ್ಟ ಮೇಲೆ ಅದನ್ನು ವಾಪಸು ಕೊಡಲು ಗಾಳಿಯಲ್ಲಿ ಯಾರೂ ಇಲ್ಲ. ಕೈ ಚಾಚಿ ನಿಧಾನ ಮಾಡಬಹುದು, ಅಷ್ಟೆ. ನಿಲ್ಲಿಸಲು ಆಗುವುದಿಲ್ಲ. ಕಾಲಿನಲ್ಲಿ ಇಷ್ಟು ಭಾರದ ಹಲಗೆಗಳಿದ್ದರಂತೂ ಇನ್ನೂ ಕಷ್ಟ."

ಆಮೇಲೆ ಇನ್ನೊಂದು ಗೊಂಬೆ ತೋರಿಸಿದಳು. ಅದು ಬೇರೆ ಯಾರದೋ ಜಿಗಿತ. ಗೊಂಬೆ ಎರಡೂ ಕೈ ಮೇಲೆತ್ತಿ, ಕೋಲಿನಂತೆ ನೆಟ್ಟಗೆ ದಿಬ್ಬ ಬಿಟ್ಟಿತು. ಬರಿಯ ಲಾಗ, ಗಿರಕಿಯ ಸುಳಿವೇ ಇಲ್ಲ. ಗಾಳಿಯಲ್ಲಿ ಎಡಗೈಯನ್ನು ಪಕ್ಕದಿಂದ ಬಳಸಿ ಕೆಳಗೆ ಇಳಿಸಿತು. ಕೈ ಆ ಕಡೆ ಹೋದದ್ದಕ್ಕೆ ಮೈ ಈ ಕಡೆ ತುಸು ವಾಲಿತು. ವಾಲಿದ್ದೇ ತಡ, ಗೊಂಬೆ ಗಿರಕಿ ಹೊಡೆಯತೊಡಗಿತು!

"ಅದ್ಯಾಕೆ?" ಎಂದೆ. ಇಷ್ಟು ವರ್ಷ ಮಕ್ಕಳಿಗೆ ಲಾಗ ಕಲಿಸಿದವಳಿಗೆ ಇದು ಹೊಸದು.

ರೆಗುಲಾ ನನ್ನನ್ನು ಎಬ್ಬಿಸಿ ನಿಲ್ಲಿಸಿದಳು. ಅಡುಗೆಮನೆಯ ನಡುವೆ ನಾನು ಎರಡೂ ಕೈ ಎತ್ತಿ ನಿಂತೆ. "ನೀವೀಗ ಗಾಳಿಯಲ್ಲಿ ಹಿಂದಕ್ಕೆ ಉರುಳುತ್ತಿದ್ದೀರಿ. ಉರುಳುವ ಬಲವನ್ನು ದಿಬ್ಬ ಕೊಟ್ಟಾಗಿದೆ. ಅದನ್ನು ಹೆಚ್ಚು ಮಾಡಲಾರಿರಿ, ಕಡಿಮೆಯನ್ನೂ ಮಾಡಲಾರಿರಿ. ಆದರೆ ಮೈ ವಾಲಿದರೆ ಅದೇ ಬಲದ ಒಂದು ಪಾಲು ಗಿರಕಿಯ ಕಡೆ ಹರಿಯುತ್ತದೆ. ಇನ್ನೊಂದು ಕೈಯನ್ನೂ ಮೈಗೆ ಹತ್ತಿರ ತಂದರೆ ಗಿರಕಿ ಚುರುಕಾಗುತ್ತದೆ. ಸಾಕೆನಿಸಿದಾಗ ಕೈಗಳನ್ನು ಹೋದ ದಾರಿಯಲ್ಲೇ ವಾಪಸು ತನ್ನಿ. ಮೈ ನೆಟ್ಟಗಾಗುತ್ತದೆ, ಗಿರಕಿ ನಿಲ್ಲುತ್ತದೆ." ನಾನು ಎಡಗೈ ಇಳಿಸಿ ಬಲಕ್ಕೆ ವಾಲಿದೆ. ಎಲ್ಸ್‌ಬೆತ್ ಅಜ್ಜಿ ನಾನು ಬೀಳುತ್ತೇನೆಂದು ಓಡಿಬಂದು ಸೊಂಟ ಹಿಡಿದರು. ಬಹಳ ದಿನಗಳ ಮೇಲೆ ಶ್ರಾವಣಿ ನಕ್ಕಳು.

ನಗು ನಿಂತ ಮೇಲೆ ಅವಳು ಮೆಲ್ಲಗೆ ಕೇಳಿದಳು. "ಮೇಲೆ ಹೋದ ಮೇಲೆ ಶುರು ಮಾಡಿದ್ದಾದರೆ ನಿಲ್ಲಿಸಬಹುದಾ? ಪ್ರತಿ ಸಲವೂ?"

"ನಿಲ್ಲಿಸಬಹುದು. ಶುರು ಮಾಡದೆಯೂ ಇರಬಹುದು. ಕೈ ಇಳಿಸದಿದ್ದರೆ ಅದು ಬರಿಯ ಲಾಗ."

ಮರುದಿನ ರೆಗುಲಾ ಅವಳನ್ನು ಎಲ್ಲಕ್ಕಿಂತ ಸಣ್ಣ ದಿಬ್ಬಕ್ಕೆ ಕರೆದೊಯ್ದಳು. ಲಾಗವೂ ಬೇಡ, ಗಿರಕಿಯೂ ಬೇಡ. ಹಾರು, ಕಾಲ ಮೇಲೆ ನೀರಿಗಿಳಿ. ಆಮೇಲಾಮೇಲೆ ಬರಿಯ ಲಾಗ. ಹಿಂದಕ್ಕೆ ಲಾಗ ಹಾಕುವಾಗ ಅರ್ಧ ದಾರಿಯಲ್ಲಿ ನೀರು ಕಣ್ಣಿಗೆ ಬೀಳುತ್ತದೆ. ಬಿದ್ದ ಕೂಡಲೇ ನಿನ್ನ ಭಾಷೆಯಲ್ಲೇ ಕೂಗಿ ಹೇಳು ಎಂದಳು ರೆಗುಲಾ. ಶ್ರಾವಣಿಯ ಬಾಯಿಗೆ ಆಗ ಹಿಂದಿ ಬರಲಿಲ್ಲ, ಮರಾಠಿ ಬರಲಿಲ್ಲ. ತಲೆಕೆಳಗಾದವಳು ಕೊಳವೆಲ್ಲ ಕೇಳುವಂತೆ "ನೀರು!" ಎಂದು ಕೂಗಿದಳು. ಬೆಂಚಿನಲ್ಲಿ ನನಗೆ ಕಣ್ಣು ತುಂಬಿ ಬಂತು. ವಾರ ಕಳೆಯುವುದರೊಳಗೆ ಅಲ್ಲಿದ್ದ ಬೇರೆ ದೇಶದ ಹುಡುಗಿಯರೂ ಹಾರುವಾಗ "ನೀರು, ನೀರು" ಎನ್ನತೊಡಗಿದರು. ಕನ್ನಡ ಕಲಿಸಲು ನನಗೆ ಶಾಲೆಯಲ್ಲಿ ಇಷ್ಟು ಸುಲಭದ ದಾರಿ ಸಿಕ್ಕಿರಲಿಲ್ಲ.

ಆದರೆ ಕೈ ಇಳಿಸುವ ಧೈರ್ಯ ಮಾತ್ರ ಅವಳಿಗೆ ಬಂದಿರಲಿಲ್ಲ. ಟ್ರ್ಯಾಂಪೊಲಿನ್ ಮೇಲೆ ಸ್ವಲ್ಪ ಇಳಿಸಿ ಅರ್ಧ ಗಿರಕಿ ಮಾಡುತ್ತಿದ್ದಳು, ದಿಬ್ಬದಿಂದ ಹಾರಿದಾಗ ಎರಡೂ ಕೈ ಮೇಲೆಯೇ ಅಂಟಿಕೊಂಡಿರುತ್ತಿದ್ದವು.

ಕೊನೆಯ ಮಧ್ಯಾಹ್ನ

ಚಳಿಗಾಲಕ್ಕೆ ರೆಗುಲಾ ಆರಿಸಿದವರಲ್ಲಿ ಶ್ರಾವಣಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. "ಈ ವರ್ಷ ಬೇಡ. ಮುಂದಿನ ಬೇಸಿಗೆಗೆ ಬಾ, ನಾನು ಕಾಯುತ್ತೇನೆ," ಎಂದು ರೆಗುಲಾ ಅವಳ ಎರಡೂ ಕೈ ಹಿಡಿದು ನೇರವಾಗಿ ಹೇಳಿದಳು. ಶ್ರಾವಣಿ ತಲೆ ಆಡಿಸಿದಳು. ಸ್ವಲ್ಪ ಅತ್ತಳು. ಮುಖ ತೊಳೆದುಕೊಂಡು ಬಂದು, "ಇವತ್ತು ಮಧ್ಯಾಹ್ನ ದಿಬ್ಬ ಖಾಲಿ ಇದೆಯಾ?" ಎಂದು ಕೇಳಿದಳು.

ಇತ್ತು. ಉಳಿದ ಹುಡುಗಿಯರು ಪೆಟ್ಟಿಗೆ ಕಟ್ಟಲು ಹೋಗಿದ್ದರು. ರೆಗುಲಾ, ಅಜ್ಜಿ, ನಾನು, ಅವಳು ಅಷ್ಟೇ. ಉಡುಪು ತೊಟ್ಟು, ಜಾಕೆಟ್ ಬಿಗಿದು, ಹೆಲ್ಮೆಟ್ ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತಳು.

"ಅತ್ತಿ, ಪಪ್ಪಾಗ ವಿಡಿಯೊ ಕಾಲ್ ಹಚ್ಚು."

ಹಚ್ಚಿದೆ. ಫೋನು ಎತ್ತಿದವಳು ಶ್ರಾವಣಿಯ ತಾಯಿ ಗಂಗಾ. ಅಲ್ಲಿ ಜೋರು ಮಳೆ, ತಗಡಿನ ಸದ್ದಿನಲ್ಲಿ ಮಾತು ಅರ್ಧಂಬರ್ಧ. ಬಸವರಾಜ ಆಗತಾನೆ ಡ್ಯೂಟಿ ಮುಗಿಸಿ ಬಂದು ಟವೆಲಿನಿಂದ ತಲೆ ಒರೆಸಿಕೊಳ್ಳುತ್ತಿದ್ದ. ಶ್ರಾವಣಿ ನನ್ನ ಕೈಯಿಂದ ಫೋನು ತೆಗೆದುಕೊಂಡಳು.

"ಪಪ್ಪಾ, ನಾ ಬಿದ್ದಿದ್ದೆ. ನಿಮಗ ಹೇಳಿದ್ದಿಲ್ಲ. ಬೆನ್ನ ಮ್ಯಾಲೆ ಬಿದ್ದೆ. ಈಗ ಆರಾಮ ಅದೀನಿ."

ಬಸವರಾಜನ ಕೈಯಲ್ಲಿ ಟವೆಲು ನಿಂತಿತು. ಗಂಗಾ ಏನೋ ಕೂಗಿದಳು, ಅವನು ಕೈ ಮಾಡಿ ಸುಮ್ಮನಿರಿಸಿದ.

"ಅವತ್ತಿನಿಂದ ಗಿರಕಿ ಹೊಡ್ಯಾಕ ಡರ್ ಲಗ್ತಾ ಹೈ. ನೀವು ಬಿದ್ದಿದ್ದು…" ಅವಳು ಹೆಲ್ಮೆಟ್ಟನ್ನು ಎದೆಗೆ ಒತ್ತಿಕೊಂಡಳು. "ಅದರ ಆವಾಜ್ ನನಗ ನೆನಪೈತಿ, ಪಪ್ಪಾ."

ತಗಡಿನ ಮೇಲೆ ಮಳೆ ಹುಯ್ಯುತ್ತಲೇ ಇತ್ತು. ಅವನು ಸಿಟ್ಟಾಗುತ್ತಾನೆಂದು ನಾನು ಹೆದರಿದೆ. ಇಷ್ಟು ವರ್ಷ ಆ ಮಾತು ಬಂದಾಗಲೆಲ್ಲ ಎದ್ದು ಹೊರಗೆ ಹೋದವನು. ಈಗ ಫೋನಿನ ಹತ್ತಿರ ಬಂದು ಕೂತ. ಪರದೆಯ ತುಂಬ ಅವನ ಒದ್ದೆ ಮುಖ.

"ನೀ ಅಲ್ಲಿ ಎದರಾಗ ಬೀಳ್ತಿ?"

"ನೀರಾಗ."

"ಪೂರಾ ನೀರನs? ಕಲ್ಲು ಗಿಲ್ಲು?"

"ಪೂರಾ ನೀರು. ಕೆಳಗಿಂದ ಹವಾ ಬಿಡ್ತಾರ, ಮೆತ್ತಗ ಆಗತೈತಿ."

"ಎಬ್ಬಿಸಾಕ ಮಂದಿ ಅದಾರ?"

ಶ್ರಾವಣಿ ಫೋನು ತಿರುಗಿಸಿದಳು. ರೆಗುಲಾ ಕೈ ಎತ್ತಿದಳು. ಎಲ್ಸ್‌ಬೆತ್ ಅಜ್ಜಿ ಹೆಣೆಯುವ ಕಡ್ಡಿಗಳನ್ನು ಮಡಿಲಿಗೆ ಹಾಕಿ, ನಮ್ಮ ಹಾಗೆ ಎರಡೂ ಕೈ ಜೋಡಿಸಿದರು. ಬಸವರಾಜ ಆ ಕಡೆಯಿಂದ ತಾನೂ ಕೈ ಜೋಡಿಸಿದ.

"ಹಂಗಾರ ಬೀಳವ್ವ," ಎಂದ ಅವನು. "ಬಿದ್ದರೇನಾತು? ಬೀಳು."

ಶ್ರಾವಣಿ ಫೋನನ್ನು ನನಗೆ ಕೊಟ್ಟು ಹೆಲ್ಮೆಟ್ ಹಾಕಿಕೊಂಡು ಮೆಟ್ಟಿಲು ಹತ್ತಿದಳು. ನಾನು ದಂಡೆಯಲ್ಲಿ ನಿಂತು ಕ್ಯಾಮರಾವನ್ನು ಮೇಲೆ ಹಿಡಿದೆ. ಫೋನು ಅಲುಗದಿರಲೆಂದು ಅಜ್ಜಿ ನನ್ನ ಮೊಣಕೈಗೆ ಆಸರೆ ಕೊಟ್ಟರು.

ಮೇಲೆ ಚುಕ್ಕೆಯಷ್ಟಾಗಿ ಕಂಡಳು. ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹೊರಟಳು. ಹಾಸಿನ ಮೇಲೆ ಹಲಗೆಗಳ ಸರಸರ ಸದ್ದು ಹತ್ತಿರ ಹತ್ತಿರ ಬಂತು. ದಿಬ್ಬದ ತುದಿಯಲ್ಲಿ ಅವಳ ಭುಜ ನೆಟ್ಟಗಿತ್ತು. ಎರಡೂ ಕೈ ಆಕಾಶಕ್ಕೆ. ಹೋದಳು. ತಲೆ ಹಿಂದಕ್ಕೆ ಉರುಳಿತು, ಕಾಲು ಮೇಲೆದ್ದಿತು, ಎಡಗೈ ಇನ್ನೂ ಮೇಲೆಯೇ ಇತ್ತು. ಬೇಡ ಬಿಡವ್ವ, ಬರಿಯ ಲಾಗವೇ ಸಾಕು ಎಂದು ನಾನು ಒಳಗೊಳಗೇ ಹೇಳಿಕೊಳ್ಳುತ್ತಿದ್ದಾಗ ಆ ಕೈ ಇಳಿಯಿತು. ಮೆಲ್ಲಗೆ, ಯಾರದೋ ಹೆಗಲ ಮೇಲಿನಿಂದ ತೆಗೆದಂತೆ ಇಳಿಯಿತು. ಮೈ ತುಸು ವಾಲಿ, ಹಲಗೆಗಳ ಸಮೇತ ತಿರುಗಿತು. ಒಂದು ಸುತ್ತು. ಕೈಗಳು ಮತ್ತೆ ಮೇಲೆ ಹೋದವು. ಗಿರಕಿ ನಿಂತಿತು, ನನ್ನ ಕಣ್ಣಾರೆ ನಿಂತಿತು. ಸ್ವಲ್ಪ ಓರೆಯಾಗಿ, ಒಂದು ಹಲಗೆ ಮುಂದಾಗಿ, ಅವಳು ನೊರೆಯೊಳಗೆ ಇಳಿದುಹೋದಳು.

ರೆಗುಲಾ ಏನೋ ಕೂಗಿದಳು. ಅಜ್ಜಿ ನನ್ನ ಕೈಯನ್ನು ಗಟ್ಟಿಯಾಗಿ ಹಿಸುಕಿದರು. ನೀರು ಉಕ್ಕುತ್ತಿತ್ತು.

ನಾನು ಫೋನಿನತ್ತ ನೋಡಿದೆ. ಪರದೆಯಲ್ಲಿ ಬಸವರಾಜ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡು ಕೂತಿದ್ದ. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದನೋ! ಗಂಗಾ ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

"ಅಕ್ಕ," ಎಂದ ಅವನು, ಕೈ ತೆಗೆಯದೆಯೇ. "ಮ್ಯಾಲೆ ಬಂದಳಾ?"

ನೊರೆಯ ನಡುವೆ ಕೆಂಪು ಹೆಲ್ಮೆಟ್ ಎದ್ದಿತು. ಶ್ರಾವಣಿ ನೀರು ಉಗುಳುತ್ತ ಎರಡೂ ಕೈಯಿಂದ ನೀರನ್ನು ಬಡಿಯುತ್ತಿದ್ದಳು.

"ಬಂದಳಪ್ಪಾ," ಎಂದೆ. "ಬಂದಳು."

ಅವನು ಮೆಲ್ಲಗೆ ಕೈ ತೆಗೆದ. ಕಣ್ಣು ಒರೆಸಿಕೊಂಡು, ಗೋಡೆಗೆ ಆತು, ಕುಂಟು ಕಾಲನ್ನು ಮುಂದಕ್ಕೆ ಚಾಚಿ ಸರಿಯಾಗಿ ಕೂತ.

"ಇನ್ನೊಮ್ಮೆ ಹಾಕಂತ ಹೇಳು ಅಕ್ಕ," ಎಂದ. "ಈ ಸಲ ನೋಡ್ತೀನಿ."